ಸೋಲಾರ್ ಇದೆ, ಬಿಸಿಲೂ ಇದೆ, ಆದರೂ ಕ್ಯಾಂಪರ್ ಗಾಡಿಯ ಬ್ಯಾಟರಿ ತುಂಬುತ್ತಿಲ್ಲ. ಏನು ಮಾಡಲಿ?

ಗಾಡಿಮನೆ (ದಾವಣಗೆರೆ) | ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಹಳೆಯ ಟ್ರಾವೆಲರ್ ವ್ಯಾನ್ ಒಂದನ್ನು ತಗೊಂಡು ಒಳಗೆ ಪುಟ್ಟ ಮನೆ ಮಾಡಿಸಿದ್ದೇವೆ. ಅಪ್ಪ ಅಮ್ಮನ್ನ ಕರೆದುಕೊಂಡು ಬಾದಾಮಿ, ಐಹೊಳೆ, ಪಟ್ಟದಕಲ್ಲು ನಿಧಾನಕ್ಕೆ ನೋಡಬೇಕು ಅಂತ ಆಸೆ. ಅಮ್ಮನ ಇನ್ಸುಲಿನ್ ಫ್ರಿಜ್‌ನಲ್ಲಿ ಇರಬೇಕು. ಹಾಗಾಗಿ ರಾತ್ರಿ ಕರೆಂಟ್ ಹೋದರೆ ನನಗೆ ನಿದ್ದೆ ಬರುವುದಿಲ್ಲ.

ಗಾಡಿಯಲ್ಲಿ ಇರುವುದು ಇಷ್ಟು: ಮೇಲೆ 200 ವ್ಯಾಟಿನ ಎರಡು ಪ್ಯಾನೆಲ್, 30 ಆಂಪ್ಸ್ ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್ಲಿನ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಹೊಂದಿಸಿ ಚಾರ್ಜ್ ಮಾಡುವ ಪೆಟ್ಟಿಗೆ), 12.8 ವೋಲ್ಟ್ 200 ಎಎಚ್ (ಆಂಪ್ ಅವರ್) ಲಿಥಿಯಂ ಬ್ಯಾಟರಿ (ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್), 2000 ವ್ಯಾಟಿನ ಇನ್ವರ್ಟರ್. 12 ವೋಲ್ಟಿನ ಸಣ್ಣ ಫ್ರಿಜ್, ಎರಡು ಫ್ಯಾನ್, ಎಲ್‌ಇಡಿ ದೀಪ, ನೀರಿನ ಪಂಪು, ಒಂದು ಮಿಕ್ಸಿ.

ತೊಂದರೆ ಎರಡು. ಒಂದು, ಬೆಳಿಗ್ಗೆ 10ಕ್ಕೇ ಕಂಟ್ರೋಲರ್ 14.4 ವೋಲ್ಟ್ ತೋರಿಸುತ್ತದೆ. ಮಧ್ಯಾಹ್ನ 1ಕ್ಕೆ 'ಫ್ಲೋಟ್' (ತುಂಬಿದೆ, ಇನ್ನು ಹಾಗೇ ಕಾಯ್ದುಕೊಂಡರೆ ಸಾಕು ಅನ್ನುವ ಹಂತ) ಅಂತ ಬರುತ್ತದೆ. ಬ್ಯಾಟರಿ ತುಂಬಿತು ಅಂದುಕೊಂಡು ಮಲಗಿದರೆ ಮೂರನೇ ರಾತ್ರಿ ಎಲ್ಲವೂ ಆಫ್. ಎರಡು, ಚಟ್ನಿಗೆ ಮಿಕ್ಸಿ ಹಾಕಿದ ತಕ್ಷಣ ಇನ್ವರ್ಟರ್ ಕೂಗಿಕೊಂಡು ನಿಂತುಬಿಡುತ್ತದೆ.

ವೈರಿಂಗ್ ಮಾಡಿದವರನ್ನು ಕೇಳಿದೆ. ಇನ್ನೊಂದು ಪ್ಯಾನೆಲ್ ಹಾಕಿಸಿ, ಸರಿಹೋಗುತ್ತೆ ಅಂದರು. ಹಾಕಿಸಬಹುದಾ?

ಮಳೆಕಾಡು (ತೀರ್ಥಹಳ್ಳಿ) | ಭಾನುವಾರ ರಾತ್ರಿ

ಗಾಡಿ ಮರದ ಕೆಳಗೆ ನಿಲ್ಲಿಸಿದ್ದೀರಾ? ಒಂದೇ ಒಂದು ಕೊಂಬೆಯ ನೆರಳು ಪ್ಯಾನೆಲ್ ಮೇಲೆ ಬಿದ್ದರೂ ತುಂಬಾ ಕಡಿಮೆಯಾಗುತ್ತದೆ. ಮೊದಲು ಅದನ್ನು ನೋಡಿ.

ಗಾಡಿಮನೆ | ಭಾನುವಾರ ರಾತ್ರಿ

ಇಲ್ಲ ಸರ್. ನಮ್ಮ ಮನೆ ಮುಂದೆ ಖಾಲಿ ಸೈಟು. ಬೆಳಗಿನಿಂದ ಸಂಜೆವರೆಗೂ ಸುಡು ಬಿಸಿಲು.

ತಂತಿಕೆಲಸ (ಹುಬ್ಬಳ್ಳಿ) | ಸೋಮವಾರ ಬೆಳಿಗ್ಗೆ

ಸರ್, ಪ್ಯಾನೆಲ್ ತಗೋಬೇಡ್ರಿ. ದುಡ್ಡು ಹಾಗೇ ಇರಲಿ. ನಾನು ಬಸ್ಸು, ಆಂಬುಲೆನ್ಸ್‌ಗಳ ವೈರಿಂಗ್ ಮಾಡುತ್ತಾ ಇಪ್ಪತ್ತು ವರ್ಷದ ಮೇಲಾಯಿತು. ಇಂಥ ದೂರು ಬಂದಾಗ ನಾನು ಮೊದಲು ನೋಡುವುದು ಪ್ಯಾನೆಲ್ ಅಲ್ಲ, ತಂತಿ.

ನಾಳೆ ಮಧ್ಯಾಹ್ನ 12ಕ್ಕೆ ಮಲ್ಟಿಮೀಟರ್ ಹಿಡಿದು ಇಷ್ಟು ಮಾಡಿ. ಚಾರ್ಜ್ ಆಗುತ್ತಿರುವಾಗಲೇ ಕಂಟ್ರೋಲರಿನ ಬ್ಯಾಟರಿ ಸ್ಕ್ರೂಗಳ ಮೇಲೆ ವೋಲ್ಟೇಜ್ ಅಳೆಯಿರಿ. ಕೂಡಲೇ ಬ್ಯಾಟರಿಯ ಬೋಲ್ಟ್ ಮೇಲೆ ಅಳೆಯಿರಿ. ಅದೇ ಹೊತ್ತಿಗೆ ಎಷ್ಟು ಆಂಪ್ಸ್ ಹೋಗುತ್ತಿದೆ ಅಂತ ಬರೆದುಕೊಳ್ಳಿ. ಆಮೇಲೆ ಮಿಕ್ಸಿ ಒಂದನೇ ಸ್ಪೀಡಿನಲ್ಲಿ ಓಡಿಸಿ, ಬ್ಯಾಟರಿ ಬೋಲ್ಟ್ ಮೇಲೆ ಒಂದು ಸಲ, ಇನ್ವರ್ಟರ್ ಬೋಲ್ಟ್ ಮೇಲೆ ಒಂದು ಸಲ ಅಳೆಯಿರಿ. ಲೋಡ್ ಇಲ್ಲದಾಗ ಅಳೆದರೆ ಎಲ್ಲಾ ಕಡೆ ಒಂದೇ ತೋರಿಸುತ್ತದೆ, ಪ್ರಯೋಜನ ಇಲ್ಲ.

ತಂತಿ ಎಷ್ಟು ದಪ್ಪ, ಎಷ್ಟು ಉದ್ದ ಅನ್ನೋದೂ ಬೇಕು. ತಂತಿಯ ಮೈಮೇಲೆ ಬರೆದಿರುತ್ತದೆ.

ಹೊರಟೆವು (ಮೈಸೂರು) | ಸೋಮವಾರ ಮಧ್ಯಾಹ್ನ

ಒಂದು ವಿಷಯ ಕೇಳಬೇಕಿತ್ತು. ನಿಮ್ಮ ಇನ್ವರ್ಟರ್ ದಿನವಿಡೀ ಆನ್ ಇರುತ್ತಾ? ನಮ್ಮದೂ ಮೊದಲು ಹಾಗೇ ಇತ್ತು. ಏನೂ ಓಡಿಸದೆ ಸುಮ್ನೆ ಆನ್ ಇದ್ದರೂ ಅದು 20 ವ್ಯಾಟ್ ತಿನ್ನುತ್ತಿತ್ತು. 24 ಗಂಟೆಗೆ 480 ವ್ಯಾಟ್ ಅವರ್. ನಮ್ಮ ಫ್ರಿಜ್ ಇಡೀ ದಿನಕ್ಕೆ ತಿನ್ನುವುದೇ ಸುಮಾರು 450! ಅಂದರೆ ಯಾರಿಗೂ ಕಾಣದ ಇನ್ನೊಂದು ಫ್ರಿಜ್ ಇದ್ದ ಹಾಗೆ. ಈಗ ನಮ್ಮ ಫ್ರಿಜ್, ಫ್ಯಾನ್, ದೀಪ, ಫೋನ್ ಚಾರ್ಜರ್ ಎಲ್ಲಾ ನೇರ 12 ವೋಲ್ಟಿನಲ್ಲಿ. ಮಿಕ್ಸಿ ಹೊತ್ತಿಗೆ ಮಾತ್ರ ಇನ್ವರ್ಟರ್ ಸ್ವಿಚ್ ಹಾಕುತ್ತೇನೆ. ಸ್ವಿಚ್ಚನ್ನು ಅಡುಗೆ ಕಟ್ಟೆಯ ಪಕ್ಕದಲ್ಲೇ ಇಡಿಸಿಕೊಂಡಿದ್ದೇನೆ, ದೂರ ಇದ್ದರೆ ಆಫ್ ಮಾಡುವುದು ಮರೆತುಹೋಗುತ್ತದೆ.

ಗಾಡಿಮನೆ | ಮಂಗಳವಾರ ಮಧ್ಯಾಹ್ನ

ಅಳೆದೆ. ಅಪ್ಪ ಬರೆದುಕೊಂಡರು, ನಾನು ಮೀಟರ್ ಹಿಡಿದೆ.

ಕಂಟ್ರೋಲರಿನಲ್ಲಿ 14.4. ಅದೇ ಹೊತ್ತಿಗೆ ಬ್ಯಾಟರಿ ಬೋಲ್ಟ್ ಮೇಲೆ 13.4. ಹೋಗುತ್ತಿದ್ದದ್ದು 11 ಆಂಪ್ಸ್.
ಮಿಕ್ಸಿ ಓಡುವಾಗ ಬ್ಯಾಟರಿಯಲ್ಲಿ 12.8, ಇನ್ವರ್ಟರಿನಲ್ಲಿ 11.2. ಕ್ಲ್ಯಾಂಪ್ ಮೀಟರ್ ಪಕ್ಕದ ಅಂಗಡಿಯಿಂದ ತಂದೆ, ಅದರಲ್ಲಿ 70 ಆಂಪ್ಸ್.

ಕಂಟ್ರೋಲರಿನಿಂದ ಬ್ಯಾಟರಿಗೆ 2.5 ಸ್ಕ್ವೇರ್ ಎಂಎಂ ತಂತಿ, ಒಂದು ದಿಕ್ಕಿಗೆ 4 ಮೀಟರ್. ನಡುವೆ ಮನೆಯಲ್ಲಿ ಇರುವಂಥದೇ ಒಂದು ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್). ಬ್ಯಾಟರಿಯಿಂದ ಇನ್ವರ್ಟರಿಗೆ 16 ಸ್ಕ್ವೇರ್ ಎಂಎಂ, ಒಂದು ದಿಕ್ಕಿಗೆ 3 ಮೀಟರ್. ಬ್ಯಾಟರಿ ಹಿಂದಿನ ಸೀಟಿನ ಕೆಳಗಿದೆ, ಉಳಿದದ್ದೆಲ್ಲ ಮುಂದೆ ಬೀರುವಿನಲ್ಲಿದೆ.

ಬ್ಯಾಟರಿ ಹತ್ತಿರ ಫ್ಯೂಸ್ ಕಾಣಿಸಲಿಲ್ಲ. ಹೊರಟೆವು ಮೇಡಂ, ಹೌದು, ಇನ್ವರ್ಟರ್ ಯಾವಾಗಲೂ ಆನ್ ಇತ್ತು. ಈಗ ಆಫ್ ಮಾಡಿದೆ.

ತಂತಿಕೆಲಸ | ಮಂಗಳವಾರ ಸಂಜೆ

ಚೆನ್ನಾಗಿ ಅಳೆದಿದ್ದೀರಿ. ಉತ್ತರ ಅದರಲ್ಲೇ ಇದೆ.

ಮೊದಲು ಚಾರ್ಜಿಂಗ್. ಕಂಟ್ರೋಲರಿಗೆ ಬ್ಯಾಟರಿ ಕಣ್ಣಿಗೆ ಕಾಣುವುದಿಲ್ಲ. ತನ್ನ ಸ್ಕ್ರೂ ಮೇಲೆ ಎಷ್ಟು ವೋಲ್ಟೇಜ್ ಇದೆಯೋ ಅದನ್ನೇ ಬ್ಯಾಟರಿಯದು ಅಂತ ನಂಬುತ್ತದೆ. ಅಲ್ಲಿ 14.4 ಆಯಿತು, ಬ್ಯಾಟರಿ ತುಂಬುತ್ತಾ ಬಂತು ಅಂದುಕೊಂಡಿತು. ಇನ್ನು ಮೇಲೆ ವೋಲ್ಟೇಜ್ ಏರಬಾರದು ಅಂತ ಆಂಪ್ಸ್ ಕಡಿಮೆ ಮಾಡಿತು. ಅದಕ್ಕೆ ಅಂತ ಇಟ್ಟ ಸಮಯ ಮುಗಿದ ಮೇಲೆ ಫ್ಲೋಟಿಗೆ ಹೋಯಿತು. ಬ್ಯಾಟರಿಗೆ ನಿಜವಾಗಿ ಸಿಕ್ಕಿದ್ದು 13.4. 1 ವೋಲ್ಟ್ ದಾರಿಯಲ್ಲೇ ಹೋಯಿತು. ಇನ್ನೊಂದು ಪ್ಯಾನೆಲ್ ಹಾಕಿದ್ದರೆ 14.4 ಇನ್ನೂ ಬೇಗ ಬರುತ್ತಿತ್ತು, ಅಷ್ಟೇ. ನೆತ್ತಿಯ ಬಿಸಿಲಿನಲ್ಲಿ ನಿಮ್ಮ ಎರಡು ಪ್ಯಾನೆಲ್ಲಿಂದಲೇ 20 ಆಂಪ್ಸ್ ಮೇಲೆ ಬರಬೇಕು.

ಲೆಕ್ಕ ಹೇಳುತ್ತೇನೆ, ಯಾರು ಬೇಕಾದರೂ ಮಾಡಬಹುದು. ತಾಮ್ರದ ತಂತಿಗೆ 0.0175 ಅನ್ನು ಒಟ್ಟು ಉದ್ದದಿಂದ ಗುಣಿಸಿ, ದಪ್ಪದಿಂದ ಭಾಗಿಸಿ. ಹೋಗುವ ತಂತಿ, ಬರುವ ತಂತಿ ಎರಡೂ ಸೇರಿಸಬೇಕು. ನಿಮ್ಮದು 8 ಮೀಟರ್. 0.0175 × 8 ÷ 2.5 ಅಂದರೆ 0.056 ಓಮ್. 11 ಆಂಪ್ಸಿಗೆ 0.6 ವೋಲ್ಟ್. ಉಳಿದ 0.4 ಎಲ್ಲಿ ಹೋಯಿತು? ಲಗ್‌ಗಳಲ್ಲಿ (ತಂತಿಯ ತುದಿಗೆ ಒತ್ತಿ ಬೋಲ್ಟಿಗೆ ಹಾಕುವ ಲೋಹದ ಬಳೆ), ಆ ಎಂಸಿಬಿಯಲ್ಲಿ.

ಈಗ ನನಗೆ ಹೆದರಿಕೆ ತಂದದ್ದು ಇನ್ವರ್ಟರ್ ಕಡೆ. 16 ಸ್ಕ್ವೇರ್ ಎಂಎಂ, ಹೋಗಿ ಬಂದು 6 ಮೀಟರ್. 70 ಆಂಪ್ಸಿಗೆ ತಂತಿಯಲ್ಲಿ ಕಳೆಯಬೇಕಾದದ್ದು ಅರ್ಧ ವೋಲ್ಟಿಗಿಂತ ಕಡಿಮೆ. ನಿಮಗೆ ಕಳೆದದ್ದು 1.6. ಅಂದರೆ 1 ವೋಲ್ಟಿಗಿಂತ ಜಾಸ್ತಿ ಯಾವುದೋ ಜಾಯಿಂಟಿನಲ್ಲಿ ಸುಡುತ್ತಿದೆ. 1.1 ವೋಲ್ಟ್ × 70 ಆಂಪ್ಸ್ = 77 ವ್ಯಾಟ್. ಹೆಬ್ಬೆರಳಿನಷ್ಟು ಲಗ್ ಒಳಗೆ ಹಳೆಯ 60ರ ಬಲ್ಬಿಗಿಂತ ಜಾಸ್ತಿ ಬಿಸಿ. ಮಿಕ್ಸಿ ಶುರುವಾಗುವ ಕ್ಷಣದಲ್ಲಿ ಎರಡು ಮೂರು ಪಟ್ಟು ಆಂಪ್ಸ್ ಎಳೆಯುತ್ತದೆ. ಆಗ ಇನ್ವರ್ಟರಿನ ಹತ್ತಿರ ವೋಲ್ಟೇಜ್ 10ಕ್ಕೆ ಕುಸಿದು ಅದು ನಿಲ್ಲುತ್ತದೆ. ನಿಂತದ್ದೇ ಒಳ್ಳೆಯದಾಯಿತು.

ದಯವಿಟ್ಟು ಇವತ್ತು ರಾತ್ರಿಯಿಂದ ಇನ್ವರ್ಟರ್ ಹಾಕಬೇಡಿ. ಬ್ಯಾಟರಿಯ ಬೋಲ್ಟ್ ಬಿಚ್ಚಿ, ತಂತಿ ಕಳಚಿಟ್ಟು, ಪ್ರತಿಯೊಂದು ಲಗ್ಗಿನ ಮೇಲಿನ ಹೊದಿಕೆ ಸರಿಸಿ ನೋಡಿ.

ಗಾಡಿಮನೆ | ಬುಧವಾರ ಬೆಳಿಗ್ಗೆ

ಅಣ್ಣಾ, ಸಿಕ್ಕಿತು. ಇನ್ವರ್ಟರಿನ ಪ್ಲಸ್ ಲಗ್. ಸುತ್ತಿದ ಟೇಪ್ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿದೆ. ಲಗ್ಗನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ ತಂತಿ ಹಿಡಿಸಿದ್ದಾರೆ. ಕೈಯಲ್ಲಿ ಎಳೆದರೆ ಹತ್ತಿಪ್ಪತ್ತು ಎಳೆ ಹೊರಗೆ ಬಂದವು. ಅದರ ಒಂದು ಅಡಿ ದೂರದಲ್ಲಿ ನಮ್ಮ ಹೊದಿಕೆಗಳನ್ನು ಇಡುತ್ತಿದ್ದೆವು. ಅಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ.

ಹೊರಟೆವು | ಬುಧವಾರ ಬೆಳಿಗ್ಗೆ

ಓದಿ ಎದೆ ಧಸಕ್ಕೆಂದಿತು. ಸದ್ಯ ಹೊರಡುವ ಮೊದಲೇ ಗೊತ್ತಾಯಿತಲ್ಲ.

ತಂತಿಕೆಲಸ | ಬುಧವಾರ ಮಧ್ಯಾಹ್ನ

ಬಹಳ ಒಳ್ಳೆಯದಾಯಿತು ಸರ್. ಈಗ ಸರಿಮಾಡುವ ಬಗೆ.

ತಂತಿ ದಪ್ಪ ಮಾಡುವುದಕ್ಕಿಂತ ಮೊದಲು ತಂತಿ ಗಿಡ್ಡ ಮಾಡಿ. ಕಂಟ್ರೋಲರ್, ಇನ್ವರ್ಟರ್ ಎರಡನ್ನೂ ಹಿಂದೆ ಬ್ಯಾಟರಿ ಪಕ್ಕಕ್ಕೆ ತನ್ನಿ. ಕಂಟ್ರೋಲರಿಗೆ 10 ಸ್ಕ್ವೇರ್ ಎಂಎಂ, 1 ಮೀಟರ್ ಸಾಕು. 22 ಆಂಪ್ಸಿನಲ್ಲೂ 0.1 ವೋಲ್ಟ್ ಕೂಡ ಕಳೆಯುವುದಿಲ್ಲ. ಇನ್ವರ್ಟರಿಗೆ 35 ಸ್ಕ್ವೇರ್ ಎಂಎಂ. ಸಣ್ಣ ಎಳೆಗಳ ಬಳುಕುವ ತಂತಿಯೇ ಬೇಕು. ಗೋಡೆಯೊಳಗೆ ಹಾಕುವ ಗಟ್ಟಿ ಎಳೆಯ ತಂತಿ ಗಾಡಿಯ ಅಲುಗಾಟಕ್ಕೆ ಲಗ್ಗಿನ ಬುಡದಲ್ಲಿ ಮುರಿಯುತ್ತದೆ. ಲಗ್ ಹೈಡ್ರಾಲಿಕ್ ಕ್ರಿಂಪರಿನಲ್ಲೇ ಒತ್ತಿಸಿ. ಕೇಬಲ್ ಅಂಗಡಿಯವರೇ ಒತ್ತಿಕೊಡುತ್ತಾರೆ. ಬೆಸುಗೆ ಹಾಕಿಸಬೇಡಿ, ಬೆಸುಗೆ ಮುಗಿಯುವ ಜಾಗದಲ್ಲಿ ಎಳೆ ಗಡುಸಾಗಿ ತುಂಡಾಗುತ್ತದೆ.

ಫ್ಯೂಸ್. ಬ್ಯಾಟರಿಯ ಪ್ಲಸ್ ಬೋಲ್ಟಿನಿಂದ ಒಂದು ಗೇಣಿನೊಳಗೆ ಇರಲೇಬೇಕು. ಫ್ಯೂಸ್ ಇರುವುದು ಇನ್ವರ್ಟರ್ ಕಾಯಲಿಕ್ಕಲ್ಲ, ತಂತಿ ಕಾಯಲಿಕ್ಕೆ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿಯನ್ನು ಯಾರೂ ಕಾಯುವುದಿಲ್ಲ, ಅದಕ್ಕೇ ಅದು ಗಿಡ್ಡ ಇರಬೇಕು. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪ್ಸ್ ಸುರಿಯುತ್ತದೆ. ಅಷ್ಟನ್ನು ತಡೆದು ಕತ್ತರಿಸುವ ಕ್ಲಾಸ್ ಟಿ ಫ್ಯೂಸ್ ತಗೊಳ್ಳಿ, ನಿಮಗೆ 125 ಆಂಪ್ಸಿನದು. ಬೆಲೆ ಜಾಸ್ತಿ ಅನ್ನಿಸುತ್ತದೆ. ಇದರಲ್ಲಿ ಉಳಿಸಲು ಹೋಗಬೇಡಿ.

ಆ ಎಂಸಿಬಿ ತೆಗೆದುಹಾಕಿ. ಮನೆಯ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ. ಸ್ವಿಚ್ ಬಿಡಿಸಿದಾಗ ಏಳುವ ಕಿಡಿ ಆ ಸೊನ್ನೆಯಲ್ಲಿ ಆರುತ್ತದೆ. ಬ್ಯಾಟರಿಯ ಡಿಸಿ ಕರೆಂಟಿನಲ್ಲಿ ಸೊನ್ನೆಯೇ ಇಲ್ಲ, ಕಿಡಿ ಉರಿಯುತ್ತಲೇ ಇರುತ್ತದೆ. ಡಿಸಿ ಅಂತ ಬರೆದಿರುವ ಎಂಸಿಬಿ ಬೇರೆ ಬರುತ್ತದೆ. ಅದರಲ್ಲೂ ಪ್ಲಸ್, ಮೈನಸ್ ಗುರುತು ಇದ್ದರೆ ತಿರುಗಾಮುರುಗಾ ಹಾಕಬಾರದು.

ಇನ್ನೊಂದು. ನಿಮ್ಮ ಬ್ಯಾಟರಿಯೊಳಗಿನ ಬಿಎಂಎಸ್ (ಮಿತಿ ಮೀರಿದರೆ ಬ್ಯಾಟರಿಯನ್ನು ಕಡಿದು ಕಾಯುವ ಸರ್ಕ್ಯೂಟ್) ಎಷ್ಟು ಆಂಪ್ಸಿನದು?

ಗಾಡಿಮನೆ | ಬುಧವಾರ ಸಂಜೆ

ಚೀಟಿಯಲ್ಲಿ 100 ಆಂಪ್ಸ್ ಅಂತಿದೆ.

ತಂತಿಕೆಲಸ | ಬುಧವಾರ ಸಂಜೆ

ಹಾಗಾದರೆ ನಿಮ್ಮ 2000 ವ್ಯಾಟಿನ ಇನ್ವರ್ಟರಿನಿಂದ ಒಂದೇ ಸಮನೆ ಸಿಗುವುದು ಸುಮಾರು 1100. 2000 ತೆಗೆಯಬೇಕಾದರೆ ಬ್ಯಾಟರಿ 170 ಆಂಪ್ಸ್ ಮೇಲೆ ಕೊಡಬೇಕು, ಬಿಎಂಎಸ್ ಬಿಡುವುದಿಲ್ಲ. ಮಿಕ್ಸಿಗೆ ಧಾರಾಳ. ಇಂಡಕ್ಷನ್ ಒಲೆ ಆಸೆ ಬಿಡಿ, ಅಡುಗೆಗೆ ಗ್ಯಾಸೇ ಇರಲಿ. ಸಿಲಿಂಡರನ್ನು ಮಾತ್ರ ಬ್ಯಾಟರಿ ಇರುವ ಪೆಟ್ಟಿಗೆಯಲ್ಲಿ ಇಡಬೇಡಿ.

ನೆಕ್ಕರ್ ದಂಡೆ (ಸ್ಟುಟ್‌ಗಾರ್ಟ್) | ಗುರುವಾರ

ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ನಾನು ಶಿರಸಿ ಕಡೆಯವನು, ಇಲ್ಲಿ ಒಂದು ಹಳೆಯ ಮೋಟರ್‌ಹೋಮ್ ಇಟ್ಟುಕೊಂಡಿದ್ದೇನೆ. ಒಂದು ಸಲಹೆ: ಎರಡು ಪ್ಯಾನೆಲ್ಲುಗಳನ್ನು ಸೀರೀಸ್ ಮಾಡಿ (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ). ಈಗ ಪ್ಯಾರಲಲ್‌ನಲ್ಲಿ (ಪ್ಲಸ್ ಪ್ಲಸ್‌ಗೆ, ಮೈನಸ್ ಮೈನಸ್‌ಗೆ) 18 ವೋಲ್ಟ್, 22 ಆಂಪ್ಸ್ ಬರುತ್ತಿರಬೇಕು. ಸೀರೀಸ್ ಆದರೆ 36 ವೋಲ್ಟ್, 11 ಆಂಪ್ಸ್. ಕರೆಂಟ್ ಅರ್ಧವಾದರೆ ತಂತಿಯ ನಷ್ಟ ಕಾಲು ಭಾಗ. ಗಾಡಿಯ ಮಾಡಿನಿಂದ (ಚಾವಣಿಯಿಂದ) ಇಳಿಯುವ ಉದ್ದ ತಂತಿಗೆ 4 ಸ್ಕ್ವೇರ್ ಎಂಎಂ ಸಾಕಾಗುತ್ತದೆ.

ಕಂಟ್ರೋಲರ್ ಎಷ್ಟು ವೋಲ್ಟ್ ತಡೆಯುತ್ತದೆ ನೋಡಿಕೊಳ್ಳಿ. ಲೋಡ್ ಇಲ್ಲದಾಗ ಎರಡೂ ಸೇರಿ 45 ವೋಲ್ಟ್ ಆಸುಪಾಸು ಇರುತ್ತದೆ, ಚಳಿಯಲ್ಲಿ ಇನ್ನೂ ಏರುತ್ತದೆ. ಪ್ರತಿ ಡಿಗ್ರಿ ಇಳಿದಾಗ ನೂರಕ್ಕೆ 0.3ರಷ್ಟು. ದಾವಣಗೆರೆಯಲ್ಲಿ ಚಿಂತೆಯಿಲ್ಲ. ಲಡಾಖಿಗೆ ಹೋಗುವ ಯೋಚನೆ ಇದ್ದರೆ ಮೈನಸ್ 10 ಡಿಗ್ರಿಗೆ 50 ವೋಲ್ಟ್ ಅಂತ ಇಟ್ಟುಕೊಳ್ಳಿ.

ಮಳೆಕಾಡು | ಗುರುವಾರ

ಸೀರೀಸ್ ನನಗೆ ಒಪ್ಪಿಗೆಯಿಲ್ಲ. ಸೀರೀಸಿನಲ್ಲಿ ಒಂದು ಪ್ಯಾನೆಲ್ಲಿಗೆ ನೆರಳು ಬಿದ್ದರೆ ಎರಡನೆಯದನ್ನೂ ಎಳೆದು ಕೂರಿಸುತ್ತದೆ. ಮಲೆನಾಡಿನಲ್ಲಿ ಮರದ ನೆರಳಿಲ್ಲದ ಜಾಗ ಎಲ್ಲಿದೆ? ನಾನು ಪ್ಯಾರಲಲ್ ಹಾಕಿ, 10 ಸ್ಕ್ವೇರ್ ಎಂಎಂ ಇಳಿಸಿದ್ದೇನೆ.

ನೆಕ್ಕರ್ ದಂಡೆ | ಗುರುವಾರ

ಪ್ಯಾನೆಲ್ ಒಳಗೆ ಬೈಪಾಸ್ ಡಯೋಡ್ ಇರುತ್ತದಲ್ಲ ಅಣ್ಣ, ನೆರಳಿನ ಭಾಗವನ್ನು ಬಿಟ್ಟು ಕರೆಂಟ್ ಹಾದುಹೋಗುತ್ತದೆ. ಆದರೂ ನಿಮ್ಮ ಮಾತು ನಿಜ. ದಿನವಿಡೀ ಎಲೆಗಳ ನೆರಳು ಆಡುವ ಕಡೆ ಪ್ಯಾರಲಲ್ ಮೇಲು. ಇವರು ಹೋಗುವುದು ಬಾದಾಮಿ ಕಡೆ, ಬಯಲು.

ಮಳೆಕಾಡು | ಗುರುವಾರ

ಬಯಲುಸೀಮೆಗೆ ಸೀರೀಸ್ ಆಗಲಿ, ಒಪ್ಪಿದೆ. ಇನ್ನೊಂದು ಪ್ಯಾನೆಲ್ ಮುಂದೆ ಸೇರಿಸಿ ಮೂರನ್ನೂ ಪ್ಯಾರಲಲ್ ಮಾಡುವುದಾದರೆ ಪ್ರತಿಯೊಂದಕ್ಕೂ ಬೇರೆ ಫ್ಯೂಸ್ ಬೇಕು ಅನ್ನೋದು ನೆನಪಿರಲಿ. ಒಂದು ಕೆಟ್ಟರೆ ಉಳಿದ ಎರಡರ ಕರೆಂಟ್ ಅದರೊಳಗೆ ನುಗ್ಗುತ್ತದೆ.

ಮಳೆಗಾಲದ ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ಜುಲೈನಲ್ಲಿ ನಮ್ಮ ಕಡೆ ಬಂದರೆ ಸೋಲಾರ್ ನಂಬಿ ಇನ್ಸುಲಿನ್ ಇಡಬೇಡಿ. ನನ್ನ ಗಾಡಿಯಲ್ಲಿ ಬೇಸಿಗೆಯ ಕಾಲು ಭಾಗವೂ ಬರದ ದಿನಗಳು ಸಾಲಾಗಿ ಇರುತ್ತವೆ. ನನಗೆ ಆಧಾರ ಇಂಜಿನ್. ಆಲ್ಟರ್ನೇಟರಿನಿಂದ (ಇಂಜಿನ್ ಓಡುವಾಗ ಕರೆಂಟ್ ತಯಾರಿಸುವ ಯಂತ್ರ) 30 ಆಂಪ್ಸಿನ ಡಿಸಿ–ಡಿಸಿ ಚಾರ್ಜರ್ ಹಾಕಿಸಿದ್ದೇನೆ. ಎರಡು ಗಂಟೆ ಗಾಡಿ ಓಡಿದರೆ 800 ವ್ಯಾಟ್ ಅವರ್ ಸೇರುತ್ತದೆ. ಫ್ರಿಜ್ಜಿಗೆ ಒಂದು ದಿನ, ರಾತ್ರಿ ಫ್ಯಾನಿಗೂ ಉಳಿಯುತ್ತದೆ.

ನೆಕ್ಕರ್ ದಂಡೆ | ಗುರುವಾರ

ಇದು ಬಹಳ ಮುಖ್ಯ. ಲಿಥಿಯಂ ಬ್ಯಾಟರಿಯನ್ನು ನೇರವಾಗಿ ಆಲ್ಟರ್ನೇಟರಿಗೆ ಸೇರಿಸಬೇಡಿ. ಅದು ಕೊಟ್ಟಷ್ಟೂ ಎಳೆಯುತ್ತದೆ, ಇಂಜಿನ್ ನಿಧಾನಕ್ಕೆ ತಿರುಗುವಾಗ ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು. ಡಿಸಿ–ಡಿಸಿ ಚಾರ್ಜರ್ ಇಷ್ಟೇ ಎಳೆಯಬೇಕು ಅಂತ ಮಿತಿ ಇಡುತ್ತದೆ.

ಇಲ್ಲಿ ಡಿಸೆಂಬರಿನಲ್ಲಿ ನನಗೂ ಅದೇ ಗತಿ. ಸೂರ್ಯ ನಡು ಮಧ್ಯಾಹ್ನವೂ ಕಟ್ಟಡಗಳ ಅಂಚಿನಲ್ಲೇ ಇರುತ್ತಾನೆ, ಮಾಡಿನ ಮೇಲೆ ಮಲಗಿರುವ ಪ್ಯಾನೆಲ್ಲಿಗೆ ಏನೂ ಸಿಗುವುದಿಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿಯನ್ನು ಚಾರ್ಜ್ ಮಾಡುವ ಹಾಗೂ ಇಲ್ಲ, ಮಾಡಿದರೆ ಒಳಗೆ ಶಾಶ್ವತವಾಗಿ ಹಾಳಾಗುತ್ತದೆ. ಅದಕ್ಕೆ ಬ್ಯಾಟರಿಯನ್ನು ಮಲಗುವ ಹಾಸಿಗೆಯ ಕೆಳಗೆ, ಬೆಚ್ಚಗಿರುವ ಕಡೆ ಇಟ್ಟಿದ್ದೇನೆ. ನಿಮ್ಮ ಊರಿನ ಸೂರ್ಯನ ಬೆಲೆ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ನಡು ಮಧ್ಯಾಹ್ನ ಕಂಬಕ್ಕೆ ನೆರಳೇ ಇರುವುದಿಲ್ಲವಲ್ಲ! ಅಂಥ ಕಡೆ ಪ್ಯಾನೆಲ್ ಮಲಗಿದ್ದರೂ ನಷ್ಟವಿಲ್ಲ. ಮಾಡಿಗೂ ಪ್ಯಾನೆಲ್ಲಿಗೂ ನಡುವೆ ಎರಡು ಮೂರು ಬೆರಳು ಗಾಳಿ ಆಡಲಿ, ಕಾದರೆ ಕರೆಂಟ್ ಕಡಿಮೆಯಾಗುತ್ತದೆ.

ಗಾಡಿಮನೆ | ಮುಂದಿನ ಸೋಮವಾರ

ಶನಿವಾರ, ಭಾನುವಾರ ಎರಡು ದಿನ ಕೂತು ಎಲ್ಲವನ್ನೂ ಬದಲಿಸಿದೆವು. ಕಂಟ್ರೋಲರ್, ಇನ್ವರ್ಟರ್ ಹಿಂದಕ್ಕೆ ಬಂದವು. ಕಬ್ಬಿಣದ ತೂತಿನಲ್ಲಿ ತಂತಿ ಹಾಯುವ ಕಡೆಯೆಲ್ಲ ರಬ್ಬರ್ ಗ್ರಾಮೆಟ್ ಹಾಕಿದೆ. ಎರಡು ಕಡೆ ತಂತಿಯ ಮೈ ಆಗಲೇ ಸವೆದಿತ್ತು. ಪ್ಯಾನೆಲ್ ಸೀರೀಸ್. ಕಂಟ್ರೋಲರಿನ ಮಿತಿ 100 ವೋಲ್ಟ್ ಇದೆ. ಮೈನಸ್ ಕಡೆ ಶಂಟ್ ಮೀಟರ್ (ಬ್ಯಾಟರಿಗೆ ಬಂದು ಹೋಗುವ ಆಂಪ್ಸ್ ಎಣಿಸುವ ಮೀಟರ್) ಕೂಡಿಸಿದೆ.

ಇವತ್ತು ಮಧ್ಯಾಹ್ನ 12ಕ್ಕೆ 21 ಆಂಪ್ಸ್. ಕಂಟ್ರೋಲರಿನಲ್ಲಿ 13.7, ಬ್ಯಾಟರಿಯಲ್ಲಿ 13.6. ಸಂಜೆಗೆ ಒಟ್ಟು 108 ಎಎಚ್ ಸೇರಿದೆ. ಮಿಕ್ಸಿ ಹಾಕಿದಾಗ ಬ್ಯಾಟರಿಗೂ ಇನ್ವರ್ಟರಿಗೂ ನಡುವೆ ವ್ಯತ್ಯಾಸ 0.1 ಮಾತ್ರ. ಅಮ್ಮ ಗಾಡಿಯಲ್ಲೇ ಶೇಂಗಾ ಚಟ್ನಿ ರುಬ್ಬಿದರು.

ಒಂದು ಅನುಮಾನ. ಶಂಟ್ ಮೀಟರ್ ರಾತ್ರಿ ಫ್ರಿಜ್ ಓಡುವಾಗಲೂ ಸೊನ್ನೆ ತೋರಿಸುತ್ತಿದೆ. ಯಾಕೆ?

ತಂತಿಕೆಲಸ | ಸೋಮವಾರ ಸಂಜೆ

ಫ್ರಿಜ್ಜಿನ ಮೈನಸ್ ತಂತಿ ನೇರವಾಗಿ ಬ್ಯಾಟರಿ ಬೋಲ್ಟಿಗೆ ಹೋಗಿದೆ. ಬಿಚ್ಚಿ ಶಂಟಿನ ಆಚೆ ಬದಿಗೆ ಹಾಕಿ. ಬ್ಯಾಟರಿಯ ಮೈನಸ್ ಬೋಲ್ಟ್ ಮೇಲೆ ಶಂಟಿನ ತಂತಿ ಒಂದನ್ನು ಬಿಟ್ಟು ಬೇರೇನೂ ಇರಬಾರದು.

ಮುಂದೆ ಯಾವಾಗಲಾದರೂ ಬಿಚ್ಚುವಾಗ ಮೊದಲು ಪ್ಯಾನೆಲ್ ಸ್ವಿಚ್ ಆಫ್ ಮಾಡಿ, ಆಮೇಲೆ ಬ್ಯಾಟರಿ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬ್ಯಾಟರಿ ಇಲ್ಲದೆ ಪ್ಯಾನೆಲ್ ಮಾತ್ರ ಕೊಟ್ಟರೆ ಕೆಲವು ಕಂಟ್ರೋಲರ್ ಕೆಟ್ಟುಹೋಗುತ್ತವೆ.

ಗಾಡಿಮನೆ | ಸೋಮವಾರ ರಾತ್ರಿ

ಹೌದು ಅಣ್ಣಾ, ಹಾಗೇ ಇತ್ತು. ಬದಲಿಸಿದೆ. ಈಗ 3.8 ಆಂಪ್ಸ್ ತೋರಿಸುತ್ತಿದೆ.

ಹೊಸಬ (ತುಮಕೂರು) | ಮಂಗಳವಾರ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಮನೆಯಲ್ಲಿ ಯುಪಿಎಸ್‌ಗೆ ಇಟ್ಟಿದ್ದ 150 ಎಎಚ್ ಟ್ಯೂಬುಲರ್ (ಸೀಸ–ಆಸಿಡ್) ಬ್ಯಾಟರಿ ಇದೆ. ಅದನ್ನೇ ಗಾಡಿಗೆ ಹಾಕಬಹುದಾ?

ತಂತಿಕೆಲಸ | ಮಂಗಳವಾರ

ಹಾಕಬಹುದು, ಬೇಡ ಅನ್ನುವುದಿಲ್ಲ. ಆದರೆ ಅದರಲ್ಲಿ ಅರ್ಧ ಮಾತ್ರ ಬಳಸಿ, 75 ಎಎಚ್. ಅದಕ್ಕಿಂತ ಇಳಿಸಿದರೆ ಬೇಗ ಹಾಳಾಗುತ್ತದೆ. ಲಿಥಿಯಂನಲ್ಲಿ ನೂರಕ್ಕೆ 80, 90ರಷ್ಟು ಬಳಸಬಹುದು. ತೂಕ 50 ಕೆಜಿ ಮೇಲೆ, ಆಸಿಡ್ ಚೆಲ್ಲದ ಹಾಗೆ ನೆಟ್ಟಗೆ ಕಟ್ಟಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬರುತ್ತದೆ. ಮಲಗುವ ಜಾಗದೊಳಗೆ ಇಡಲೇಬೇಡಿ. ಮುಚ್ಚಿದ ಪೆಟ್ಟಿಗೆ ಮಾಡಿಸಿ, ಗ್ಯಾಸ್ ಹಗುರ, ಮೇಲಕ್ಕೆ ಏರುತ್ತದೆ, ಹಾಗಾಗಿ ಪೆಟ್ಟಿಗೆಯ ಮೇಲ್ಭಾಗದಿಂದ ಗಾಡಿಯ ಹೊರಕ್ಕೆ ಪೈಪ್ ಬಿಡಿ. ತಂತಿಯ ಲೆಕ್ಕ ಎರಡಕ್ಕೂ ಒಂದೇ.

ಗಾಡಿಮನೆ | ಶುಕ್ರವಾರ, ಬಾದಾಮಿಯಿಂದ

ಅಗಸ್ತ್ಯ ತೀರ್ಥದ ಹತ್ತಿರ ಇದ್ದೇವೆ. ಇದು ಮೂರನೇ ರಾತ್ರಿ. ಈಗ ಗಂಟೆ 2. ಫ್ರಿಜ್ಜಿನಲ್ಲಿ 5 ಡಿಗ್ರಿ, ಬ್ಯಾಟರಿ ನೂರಕ್ಕೆ 71 ಇದೆ. ನೋಡಲಿಕ್ಕೆಂದೇ ಅಲಾರಂ ಇಟ್ಟು ಎದ್ದೆ. ಅಪ್ಪ ಅಮ್ಮ ಮಲಗಿದ್ದಾರೆ, ಫ್ಯಾನ್ ಓಡುತ್ತಿದೆ.

ತಂತಿಕೆಲಸ | ಶುಕ್ರವಾರ ಬೆಳಿಗ್ಗೆ

ಸಂತೋಷ ಆಯಿತು ಸರ್. ಮಹಾಕೂಟಕ್ಕೂ ಹೋಗಿ ಬನ್ನಿ, ತಂದೆತಾಯಿಗೆ ಖುಷಿಯಾಗುತ್ತದೆ. ಊರಿಗೆ ವಾಪಸ್ಸಾದ ಮೇಲೆ ಎಲ್ಲಾ ಲಗ್ ಬೋಲ್ಟುಗಳಿಗೆ ಒಂದು ಸಲ ಪಾನಾ ಹಾಕಿ ನೋಡಿ. ಹೊಸ ಜೋಡಣೆ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಅಲುಗಾಟಕ್ಕೆ ಸ್ವಲ್ಪ ಸಡಿಲವಾಗುತ್ತದೆ.